‘ಬ್ಯಾಕ್ಟೀರಿಯಾ ಬೆಳೆದಿಲ್ಲ’ ಎಂಬ ವರದಿಯನ್ನು ಎಷ್ಟು ನಂಬಬೇಕು?

ವಸುಧಾ: ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡಿರುವ ನನ್ನ ತಂದೆಯವರಿಗೆ ಮೂರು ವಾರಗಳಿಂದ ಸಣ್ಣ ಜ್ವರ ಬಿಟ್ಟಿರಲಿಲ್ಲ. ಬಾಟಲಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ರಕ್ತದ ಕಲ್ಚರ್‌ನಲ್ಲಿ ಐದು ದಿನ ಏನೂ ಬೆಳೆಯಲಿಲ್ಲ. ಒಬ್ಬ ವೈದ್ಯರು ಬಾಟಲಿಗಳನ್ನು ಎಸೆಯಬೇಡಿ ಎಂದು ಹೇಳಿದ್ದರಿಂದ, ಒಂಬತ್ತನೆಯ ದಿನ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಕಾಣಿಸಿತು. ಇದು ನಿಜವಾದ ಸೋಂಕೇ?

ಗಿರೀಶ: ಆತುರದ ತೀರ್ಮಾನ ಬೇಡ. ಇದು ಎಲ್ಲರ ಚರ್ಮದ ಮೇಲೂ ಇರುವ ಜೀವಿಯಾದ್ದರಿಂದ, ರಕ್ತ ತೆಗೆಯುವಾಗ ಸೂಜಿಯೊಡನೆ ಬಾಟಲಿಗೆ ಸೇರಿರುವ ಸಾಧ್ಯತೆಯೇ ಹೆಚ್ಚು. ಎಲ್ಲ ಬಾಟಲಿಗಳನ್ನೂ ಎರಡು ವಾರ ಇಟ್ಟರೆ ಇಂಥ ಸುಳ್ಳು ಸುಳಿವುಗಳೇ ಹೆಚ್ಚಾಗಿ, ಬೇಡದವರಿಗೂ ಆಂಟಿಬಯೋಟಿಕ್ ಕೊಡಬೇಕಾದೀತು.

ಶಾರದಾ: ಎಲ್ಲರ ಬಾಟಲಿಗಳನ್ನೂ ಇಡಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಕೃತಕ ಕವಾಟವಿದ್ದು ಜ್ವರ ಬಿಡದಿದ್ದರೆ, ನಿಧಾನವಾಗಿ ಬೆಳೆಯುವ ಈ ಜೀವಿಗಾಗಿ ಹದಿನಾಲ್ಕು ದಿನ ಕಾಯುವುದು ನ್ಯಾಯವೇ ಸರಿ. ಹೊಟ್ಟೆಯ ಸೋಂಕಿನಲ್ಲಂತೂ ನಾವು ಎಡವುವುದು ಮಾದರಿ ತೆಗೆಯುವಾಗಲೇ. ಯಕೃತ್ತಿನ ಕೀವನ್ನು ಹತ್ತಿಯ ಕಡ್ಡಿಯಲ್ಲಿ ಅದ್ದಿ ಗಾಳಿಗೆ ಬಿಟ್ಟರೆ, ಆಮ್ಲಜನಕ ತಾಳದ ಜೀವಿಗಳು ಲ್ಯಾಬ್ ತಲುಪುವ ಮೊದಲೇ ಸಾಯಬಹುದು. ಕೀವು ಕೊಳೆತ ವಾಸನೆ ಬೀರುತ್ತದೆ, ಬ್ಯಾಕ್ಟೀರಿಯಾ ಕಾಣುವಂತೆ ಗ್ರಾಂ ಬಣ್ಣ ಹಾಕಿದ ಗಾಜಿನ ಮೇಲೆ ಸೂಕ್ಷ್ಮದರ್ಶಕದಲ್ಲಿ ಕೋಲಿನಾಕಾರದ ಜೀವಿಗಳು ಕಾಣುತ್ತವೆ, ಆದರೆ ಕಲ್ಚರ್ ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ. ಆ ತಟ್ಟೆಯನ್ನು ನಂಬಿ ‘ಸೋಂಕಿಲ್ಲ’ ಎಂದು ಬರೆಯುವುದು ತಪ್ಪು.

ಅನಂತ: ಹಾಗಿದ್ದರೆ ಅನುಮಾನ ಬಂದವರಿಗೆಲ್ಲ ಮೆಟ್ರೋನಿಡಜೋಲ್ ಎಂಬ ಆಂಟಿಬಯೋಟಿಕ್ ಕೊಟ್ಟರಾಯಿತಲ್ಲವೇ, ಜೀವಿಯ ಹೆಸರು ಯಾಕೆ ಬೇಕು?

ಶಾರದಾ: ಹೆಸರು ಬೇಕೇ ಬೇಕು. ಕರುಳಿನಲ್ಲಿರುವ, ಆಮ್ಲಜನಕ ತಾಳದ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್‌ಗೆ ಸಾಮಾನ್ಯವಾಗಿ ನಾಟುವ ಆ ಔಷಧ ಕ್ಯುಟಿಬ್ಯಾಕ್ಟೀರಿಯಂಗೆ ನಾಟುವುದಿಲ್ಲ. ಜೆಂಟಾಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಬ್ಯಾಕ್ಟೀರಿಯಾದ ಜೀವಕೋಶದ ಒಳಹೋಗಲು ಆಮ್ಲಜನಕ ಬೇಕಾದ್ದರಿಂದ, ಬ್ಯಾಕ್ಟೀರಾಯ್ಡಿಸ್ ಮೇಲೆ ಅದು ಕೆಲಸ ಮಾಡದು. ರಕ್ತದಲ್ಲಿ ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಎಂಬ ಬ್ಯಾಕ್ಟೀರಿಯಾ ಸಿಕ್ಕರೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಅಡಗಿದೆಯೇ ಎಂದು ಹುಡುಕಲೇಬೇಕು. ಆ ಸುಳಿವು ಹೆಸರಿನಿಂದ ಮಾತ್ರ ಸಿಗುತ್ತದೆ. ಇನ್ನು, ದೊಡ್ಡ ಕೀವುಗಡ್ಡೆಯನ್ನು ಬಸಿಯದೆ ಔಷಧವೊಂದರಿಂದಲೇ ವಾಸಿಮಾಡುವುದು ಕಷ್ಟ.

ಗಿರೀಶ: ಒಪ್ಪಿದೆ. ವಸುಧಾ ಅವರೇ, ಎಷ್ಟು ಬಾಟಲಿಗಳಲ್ಲಿ ಬೆಳೆಯಿತು? ಒಂದರಲ್ಲಿ ಮಾತ್ರವಾದರೆ ನನ್ನ ಅನುಮಾನ ಹಾಗೆಯೇ ಉಳಿಯುತ್ತದೆ.

ವಸುಧಾ: ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ರಕ್ತನಾಳದಿಂದ ತೆಗೆದ ಮೂರು ಜೊತೆ ಬಾಟಲಿಗಳಲ್ಲೂ ಅದೇ ಬೆಳೆದಿದೆ.

ಗಿರೀಶ: ಹಾಗಾದರೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಶಬ್ದತರಂಗಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯನ್ನು, ಅನ್ನನಾಳದ ಮೂಲಕ ಮಾಡುವಂಥದ್ದನ್ನು, ತಡಮಾಡದೆ ಕೇಳಿ. ಕವಾಟದ ಸುತ್ತ ಕೀವು ಕಟ್ಟಿದ್ದರೆ ಶಸ್ತ್ರಚಿಕಿತ್ಸಕರನ್ನೂ ಇಂದೇ ಕಾಣಬೇಕಾಗುತ್ತದೆ.