ಟೊಯೊಟಾ: ದುಡ್ಡು ಕೊಡೋದು ಕಾರಿಗಾ, ಹೆಸರಿಗಾ?

ತೀರ್ಥಹಳ್ಳಿ ತಮ್ಮ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 2012ರ ಇನ್ನೋವಾ ಇದೆ, ಮೂರು ಲಕ್ಷ ಕಿ.ಮೀ. ದಾಟಿದೆ. ಎಂಜಿನ್ ಈಗಲೂ ಗಟ್ಟಿ. ಆದರೆ ಅಮ್ಮನಿಗೆ ಮಂಡಿನೋವು, ಹಿಂದಿನ ಸೀಟಿನ ಕುಲುಕಾಟ ತಡೆಯೋಕಾಗಲ್ಲ. ಹೊಸದು ತಗೊಳ್ಳಲೇಬೇಕು. ಇನ್ನೋವಾದಲ್ಲೇ ಕ್ರಿಸ್ಟಾ ಡೀಸೆಲ್ಲಾ, ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇರುವ ಹೈಕ್ರಾಸ್ ಹೈಬ್ರಿಡ್ಡಾ ಅಂತ ಮನೆಯಲ್ಲಿ ದಿನಾ ಚರ್ಚೆ. ಈಗ ಚಿಕ್ಕಪ್ಪನ ಮಗ ಬಂದು, "ಅಷ್ಟೇ ದುಡ್ಡಿಗೆ ಬೇರೆಯವರು ಎಷ್ಟೊಂದು ಸೌಲಭ್ಯ ಕೊಡ್ತಾರೆ, ನೀವು ಸುಮ್ನೆ ಹೆಸರಿಗೆ ದುಡ್ಡು ಸುರಿಯುತ್ತಿದ್ದೀರಿ" ಅಂದ. ಈ ಕಂಪನಿಯ ಹೆಸರು ನಿಜಕ್ಕೂ ಗಳಿಸಿದ್ದಾ, ಅಥವಾ ನಮ್ಮ ಅಭ್ಯಾಸಬಲವಾ? ಬಳಸಿದವರು ಹೇಳಿ.

ಲೆಕ್ಕದ ಮನುಷ್ಯ
ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದರಲ್ಲಿ ಅರ್ಥ ಇದೆ. "ಟೊಯೊಟಾ ಕೆಡಲ್ಲ" ಅಂತ ನಾವೆಲ್ಲ ಮಂತ್ರದ ಥರ ಹೇಳ್ತೀವಿ. ದಾಖಲೆ ಬೇರೆಯದನ್ನೂ ಹೇಳುತ್ತೆ. 2009-10ರಲ್ಲಿ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಳ್ಳುವ ಮತ್ತು ನೆಲಹಾಸಿನ ಮ್ಯಾಟ್ ಪೆಡಲ್‌ಗೆ ಅಡ್ಡ ಬರುವ ದೋಷಕ್ಕೆ ಲಕ್ಷಗಟ್ಟಲೆ ಕಾರು ವಾಪಸ್ ಕರೆಸಿದರು. ಆ ವಿಷಯದಲ್ಲಿ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ 2014ರಲ್ಲಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಿದರು. 2023ರ ಡಿಸೆಂಬರ್‌ನಲ್ಲಿ ಅವರದೇ ಅಂಗಸಂಸ್ಥೆ ದೈಹಾಟ್ಸು ಸುರಕ್ಷತಾ ಪರೀಕ್ಷೆಗಳಲ್ಲಿ ವರ್ಷಗಟ್ಟಲೆ ಮೋಸ ಮಾಡಿದ್ದು ಹೊರಬಂತು. ಮುಂದಿನ ತಿಂಗಳೇ ಡೀಸೆಲ್ ಎಂಜಿನ್ನುಗಳ ಶಕ್ತಿ ಪರೀಕ್ಷೆಯ ಗೋಲ್‌ಮಾಲ್ ಬಯಲಾಗಿ, ನಮ್ಮಲ್ಲೂ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಕಳಿಸೋದನ್ನು ಸ್ವಲ್ಪ ದಿನ ನಿಲ್ಲಿಸಿದ್ದರು. ಇನ್ನು ಗ್ಲಾಂಜಾ ಅಂದರೆ ಬಲೆನೊ ತಾನೇ? ಸುಜುಕಿ ಮಾಡಿದ ಕಾರಿಗೆ ಟೊಯೊಟಾ ಲಾಂಛನ. ಹೆಸರಿಗೆ ದುಡ್ಡು ಅನ್ನದೆ ಇನ್ನೇನು ಅನ್ನೋದು?

ಹಳದಿ ಬೋರ್ಡ್
ಸಾರ್, ನೀವು ಪೇಪರಲ್ಲಿ ಓದಿದ್ದು ಹೇಳ್ತಿದ್ದೀರಿ. ನಾನು ರೋಡಲ್ಲಿ ಕಂಡದ್ದು ಹೇಳ್ತೀನಿ. ಮೊದಲು ಓಡಿಸಿದ್ದು ಕ್ವಾಲಿಸ್. ಟರ್ಬೊ ಇಲ್ಲದ 2.4 ಲೀಟರ್ ಡೀಸೆಲ್, 75 ಕುದುರೆ. ಹತ್ತು ಜನ ತುಂಬಿಕೊಂಡು ಚಾರ್ಮಾಡಿ ಹತ್ತಿಸಿದರೆ ಎರಡನೇ ಗೇರಿನಲ್ಲೇ ಅಳುತ್ತಾ ಹೋಗೋದು. ಹಿಂದೆ ಬಸ್ಸಿನವರು ಹಾರನ್ ಹೊಡೆಯೋರು. ಆದರೆ ಹೋದ ಗಾಡಿ ಮನೆಗೆ ವಾಪಸ್ ಬರೋದು. ನಮ್ಮ ಕಸುಬಿಗೆ ಬೇಕಾದದ್ದು ಅದು. ಗಾಡಿ ನಿಂತ ದಿನ ಸಂಪಾದನೆ ಇಲ್ಲ, ಕಂತು ಮಾತ್ರ ನಿಲ್ಲಲ್ಲ.

ಆಮೇಲೆ ಇನ್ನೋವಾ. ಹಳೇ 2.5ರಲ್ಲಿ ನೋಡಿಕೊಳ್ಳಬೇಕಾದ್ದು ಟೈಮಿಂಗ್ ಬೆಲ್ಟ್. ಮೀಟರಲ್ಲಿ ಅದರ ದೀಪ ಹತ್ತಿದ ಮೇಲೂ "ನೋಡೋಣ ಬಿಡು" ಅಂತ ಓಡಿಸಿದರೆ ಬೆಲ್ಟ್ ಹರಿದು ವಾಲ್ವ್ ಬಾಗುತ್ತೆ, ಎಂಜಿನ್ ಕೆಲಸ ಮೈಮೇಲೆ ಬರುತ್ತೆ. ಕ್ರಿಸ್ಟಾದಲ್ಲಿ ಬೆಲ್ಟ್ ಬದಲು ಚೈನ್. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಆ ಚಿಂತೆ ಇಲ್ಲ. ಕೊಪ್ಪ, ಶೃಂಗೇರಿ, ಸಕಲೇಶಪುರ ಎಲ್ಲಿ ನಿಲ್ಲಿಸಿದರೂ ಇನ್ನೋವಾ ಬಿಚ್ಚಿ ಜೋಡಿಸೋ ಮೆಕ್ಯಾನಿಕ್ ಸಿಗ್ತಾನೆ. ಈ ಬೆಲೆ ನಿಮ್ಮ ಲೆಕ್ಕದಲ್ಲಿ ಎಲ್ಲಿದೆ ಸಾರ್?

ನಗೋಯಾ ಕನ್ನಡಿಗ
ತಮ್ಮ ಕೇಳಿದ ಪ್ರಶ್ನೆಗೆ ಸ್ವಲ್ಪ ಹಿಂದಿನಿಂದ ಬರಬೇಕು. ನಾನಿರೋದು ಜಪಾನಿನ ಐಚಿ ಪ್ರಾಂತ್ಯದಲ್ಲಿ, ಟೊಯೊಟಾದ ತವರಲ್ಲಿ. ನಗೋಯಾದಲ್ಲಿ ಕಂಪನಿಯ ಹಳೇ ನೇಯ್ಗೆ ಕಾರ್ಖಾನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಒಳಗೆ ಹೋದರೆ ಮೊದಲು ಸಿಗೋದು ಕಾರಲ್ಲ, ಮಗ್ಗ. ಬಡಗಿಯ ಮಗ ಸಕಿಚಿ ಟೊಯೊಡಾ 1924ರಲ್ಲಿ ಪೂರ್ತಿಗೊಳಿಸಿದ ಜಿ ಮಾದರಿಯ ಸ್ವಯಂಚಾಲಿತ ಮಗ್ಗ. ಅಲ್ಲಿನ ಸಿಬ್ಬಂದಿ ಅದನ್ನು ಓಡಿಸಿ, ಮಧ್ಯೆ ಬೇಕಂತಲೇ ಒಂದು ಹಾಸಿನ ನೂಲು ತುಂಡು ಮಾಡ್ತಾರೆ. ನೂಲು ಸಡಿಲಾದ ಕೂಡಲೇ ಅದಕ್ಕೆ ತೂಗಿಬಿದ್ದ ತೆಳು ಲೋಹದ ಪಟ್ಟಿ ಕೆಳಗೆ ಬೀಳುತ್ತೆ. ಇಡೀ ಮಗ್ಗ ಟಕ್ ಅಂತ ನಿಲ್ಲುತ್ತೆ. ಕೆಟ್ಟ ಬಟ್ಟೆ ಒಂದು ಗೇಣೂ ಮುಂದೆ ಹೋಗಲ್ಲ.

1929ರಲ್ಲಿ ಈ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್‌ಗೆ 1 ಲಕ್ಷ ಪೌಂಡಿಗೆ ಕೊಟ್ಟರು. ಕಾರಿನ ಹುಚ್ಚು ಹಿಡಿದಿದ್ದು ಮಗ ಕಿಚಿರೊಗೆ. 1933ರಲ್ಲಿ ಮಗ್ಗದ ಕಂಪನಿಯಲ್ಲೇ ಮೋಟಾರು ವಿಭಾಗ ತೆರೆದರು, 1936ರಲ್ಲಿ ಎಎ ಅನ್ನೋ ಕಾರು ಬಂತು, 1937ರಲ್ಲಿ ಕಾರಿನ ಕಂಪನಿ ಬೇರೆಯಾಯಿತು. ಯುದ್ಧ ಮುಗಿದ ಮೇಲೆ ದಿವಾಳಿಯ ಅಂಚಿಗೆ ಬಂದಿದ್ದರು. 1950ರಲ್ಲಿ ಕೆಲಸಗಾರರನ್ನು ಮನೆಗೆ ಕಳಿಸಬೇಕಾಯಿತು, ಮುಷ್ಕರವಾಯಿತು, ಹೊಣೆ ಹೊತ್ತು ಕಿಚಿರೊ ರಾಜೀನಾಮೆ ಕೊಟ್ಟರು. ಅದರ ಹಿಂದೆಯೇ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆ ಟ್ರಕ್ಕಿಗೆ ಆರ್ಡರ್ ಕೊಟ್ಟಿತು, ಕಂಪನಿ ಉಸಿರಾಡಿತು. ಕಿಚಿರೊ 1952ರಲ್ಲೇ ತೀರಿಕೊಂಡರು. ಕೊರೊಲ್ಲಾ ಬಂದಿದ್ದು 1966ರಲ್ಲಿ, ಅವರು ನೋಡಲಿಲ್ಲ.

ಮಗ್ಗದ ಆ ಉಪಾಯವನ್ನೇ ಆಮೇಲೆ ಕಂಪನಿಯ ಎಂಜಿನಿಯರ್ ತೈಚಿ ಓನೊ ಕಾರಿನ ಸಾಲಿಗೆ ತಂದರು. ತಪ್ಪು ಕಂಡ ಯಾವ ಕೆಲಸಗಾರನಾದರೂ ತಲೆ ಮೇಲಿನ ಹಗ್ಗ ಎಳೆಯಬಹುದು. ಮೇಲಿನವರು ಬಂದು ನೋಡ್ತಾರೆ. ಸರಿಯಾಗದಿದ್ದರೆ ಸಾಲು ನಿಲ್ಲುತ್ತೆ. ಹಳದಿ ಬೋರ್ಡ್ ಅಣ್ಣ ಹೇಳುವ "ಮನೆಗೆ ವಾಪಸ್ ಬರೋ ಗಾಡಿ" ಹುಟ್ಟೋದು ಅಲ್ಲಿ. ಹೆಸರು ಗಳಿಸಿದ್ದೇ, ಅನುಮಾನ ಬೇಡ.

ಮಗ್ಗದ ಮನೆ
ನಾವು ದೊಡ್ಡಬಳ್ಳಾಪುರದವರು. ಪವರ್‌ಲೂಮ್ ಸದ್ದಿನಲ್ಲೇ ಬೆಳೆದವಳು ನಾನು. ಎಳೆ ಹರಿದದ್ದು ಗೊತ್ತಾಗದೆ ಮಗ್ಗ ಓಡಿದರೆ ಸೀರೆಯಲ್ಲಿ ಉದ್ದಕ್ಕೆ ಗೆರೆ ಬೀಳುತ್ತೆ. ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ ರೇಟು ಇಳಿಸ್ತಾರೆ. ಅದಕ್ಕೇ ಅಮ್ಮ ಕಣ್ಣು ಕೀಳದೆ ನಿಂತಿರೋರು. ಸಕಿಚಿ ಅವರು ಈ ಕೆಲಸಕ್ಕೆ ಕೈ ಹಾಕಿದ್ದೂ ತಾಯಿ ನೇಯುವಾಗ ಪಡುವ ಕಷ್ಟ ನೋಡಿ ಅಂತ ಹೇಳ್ತಾರೆ. ಮಗ್ಗ ತಾನೇ ನಿಂತರೆ, ಲಾಳಿ ಖಾಲಿಯಾದಾಗ ತಾನೇ ಬದಲಾದರೆ, ಒಬ್ಬರು ಹತ್ತಾರು ಮಗ್ಗ ನೋಡಿಕೊಳ್ಳಬಹುದು. ಇದು ಎಂಥ ದೊಡ್ಡ ಕೆಲಸ ಅಂತ ನೇಕಾರರ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಲೆಕ್ಕದ ಮನುಷ್ಯ
ಅಮ್ಮನವರ ಬಗ್ಗೆ ಓದಿ ಸಂತೋಷವಾಯಿತು ಮೇಡಂ. ಆದರೆ ನನ್ನ ತಕರಾರು ಇನ್ನೂ ಬಲವಾಯಿತು. ತಪ್ಪು ಕಂಡ ಕೂಡಲೇ ನಿಲ್ಲಿಸೋದೇ ಇವರ ಧರ್ಮ ಆಗಿದ್ದರೆ, ದೈಹಾಟ್ಸುವಿನಲ್ಲಿ ಯಾಕೆ ಯಾರೂ ಹಗ್ಗ ಎಳೆಯಲಿಲ್ಲ? ತನಿಖಾ ಸಮಿತಿ ಏನು ಹೇಳಿತು ನೆನಪಿಸಿಕೊಳ್ಳಿ. ಹೊಸ ಕಾರು ತರಲು ಕೊಟ್ಟ ಗಡುವು ತೀರಾ ಬಿಗಿ, ಪರೀಕ್ಷೆಯಲ್ಲಿ ಫೇಲಾದೆವು ಅಂತ ಮೇಲಿನವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. 174 ಅಕ್ರಮ ಸಿಕ್ಕವು, ಅದರಲ್ಲಿ ಕೆಲವು 1989ರಷ್ಟು ಹಳೆಯವು. 1924ರ ಮಗ್ಗದ ಪುಣ್ಯದಲ್ಲಿ ಇವತ್ತಿನ ಕಾರು ಓಡಲ್ಲ.

ನಗೋಯಾ ಕನ್ನಡಿಗ
ಇದನ್ನು ನಾನು ಅಲ್ಲಗಳೆಯಲ್ಲ ಸರ್. ಇಲ್ಲಿನವರಿಗೂ ಅದು ತುಂಬಾ ನೋವಿನ ವಿಷಯ. 2010ರಲ್ಲಿ ಕಂಪನಿಯ ಆಗಿನ ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತು ಹೇಳಿದ್ದೂ ಇದನ್ನೇ: ಜನರನ್ನು ತಯಾರು ಮಾಡುವ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಕಂಪನಿ ಬೆಳೆಯಿತು. 2008ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ (ಜಿಎಂ) ಅನ್ನು ಹಿಂದೆ ಹಾಕಿ ಜಗತ್ತಿನ ನಂಬರ್ ಒನ್ ಆಗಿದ್ದರು. ಮುಂದಿನ ವರ್ಷವೇ ಪೆಡಲ್ ಪ್ರಕರಣ. ನನ್ನ ಅಭಿಪ್ರಾಯ ಇಷ್ಟು: ಟೊಯೊಟಾ ನಿಧಾನವಾಗಿದ್ದಾಗ ಒಳ್ಳೇದು ಮಾಡಿದೆ, ಅವಸರ ಮಾಡಿದಾಗಲೆಲ್ಲ ಎಡವಿದೆ. ಎಲೆಕ್ಟ್ರಿಕ್ ಕಾರು ಬಿಝಡ್4ಎಕ್ಸ್ ಅನ್ನೇ ನೋಡಿ. 2022ರಲ್ಲಿ ಬಂದ ಕೆಲವೇ ವಾರಕ್ಕೆ ಚಕ್ರದ ಬೋಲ್ಟ್ ಸಡಿಲಾಗುವ ದೋಷಕ್ಕೆ ವಾಪಸ್ ಕರೆಸಬೇಕಾಯಿತು. ಅದೇ ಹೈಬ್ರಿಡ್ ನೋಡಿ, 1997ರ ಪ್ರಿಯಸ್‌ನಿಂದ ತಿದ್ದುತ್ತಾ ಬಂದಿದ್ದಾರೆ. ಅದರ ಮೇಲೆ ಬೆರಳು ತೋರಿಸೋರು ಕಡಿಮೆ.

ಮಸ್ಕತ್ ಮಂಗಳೂರಿಗ
ನಿಧಾನ ಅನ್ನೋದಕ್ಕೆ ನಮ್ಮ ಕಡೆಯ ಉದಾಹರಣೆ ಲ್ಯಾಂಡ್ ಕ್ರೂಸರ್ 70. 1984ರಲ್ಲಿ ಬಂದದ್ದು, ಇವತ್ತಿಗೂ ಮಾಡ್ತಾರೆ. ಒಮಾನಿನ ಒಳನಾಡಿನಲ್ಲಿ ವಾದಿ (ಒಣಗಿದ ಹೊಳೆಯ ಪಾತ್ರ) ದಾಟಿ ಬೆಟ್ಟದ ಹಳ್ಳಿಗೆ ಹೋಗುವವರು ಟಚ್‌ಸ್ಕ್ರೀನ್ ಕೇಳಲ್ಲ. ಬೇಸಗೆಯಲ್ಲಿ 45 ಡಿಗ್ರಿ ದಾಟಿದಾಗಲೂ ಎಸಿ ತಣ್ಣಗಿರಬೇಕು, ರೇಡಿಯೇಟರ್ ಕುದಿಯಬಾರದು, ಮರಳಲ್ಲಿ ಹೂತರೆ ಹೊರಗೆ ಬರಬೇಕು. ನಮ್ಮ ಸೈಟಿನ ಹೈಲಕ್ಸ್‌ಗಳ ಹಿಂದೆ ಸಿಮೆಂಟ್ ಚೀಲ, ಕಬ್ಬಿಣ, ಜನ ಎಲ್ಲ ಹೋಗುತ್ತೆ. ಪೇಂಟ್ ಹೋಗಿದೆ, ಬಾಗಿಲು ಡೊಂಕಾಗಿದೆ, ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್.

ಟೆಕ್ಸಾಸ್ ಕನ್ನಡತಿ
ಇಲ್ಲಿನ ಚಿತ್ರ ಅಷ್ಟು ನೇರವಾಗಿಲ್ಲ. 1957ರಲ್ಲಿ ಅವರು ಅಮೆರಿಕಕ್ಕೆ ಮೊದಲು ಕಳಿಸಿದ ಕ್ರೌನ್ ಇಲ್ಲಿನ ಹೆದ್ದಾರಿ ವೇಗಕ್ಕೆ ಏದುಸಿರು ಬಿಟ್ಟು ಸೋತು ಹೋಯಿತು. ಟಕೋಮಾ ಪಿಕಪ್‌ಗಳ ಚಾಸಿಗೆ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟಿಗೆ, ತುಕ್ಕು ಹಿಡಿದು ದೊಡ್ಡ ಮೊಕದ್ದಮೆಯಾಗಿ 2016ರಲ್ಲಿ ರಾಜಿಯಾಯಿತು. 2024ರಲ್ಲಿ ಟುಂಡ್ರಾದ ಹೊಸ ವಿ6 ಎಂಜಿನ್ನಿನೊಳಗೆ ಲೋಹದ ಚೂರು ಉಳಿದಿರಬಹುದು ಅಂತ ಸುಮಾರು 1 ಲಕ್ಷ ಗಾಡಿ ವಾಪಸ್ ಕರೆದರು. ಪಿಕಪ್ ಕೇಳಿದರೆ ನಾನು ಕಣ್ಣು ಮುಚ್ಚಿ ಟೊಯೊಟಾ ಅನ್ನಲ್ಲ.

ಆದರೆ ಹೈಬ್ರಿಡ್ ಬಗ್ಗೆ ಧೈರ್ಯವಾಗಿ ಹೇಳ್ತೀನಿ. ನಮ್ಮ ಮನೆಯಲ್ಲಿ ಮೊದಲು ಪ್ರಿಯಸ್, ಈಗ ಕ್ಯಾಮ್ರಿ ಹೈಬ್ರಿಡ್. ಜನ "ಎರಡೆರಡು ಯಂತ್ರ, ಎರಡರಷ್ಟು ರಿಪೇರಿ" ಅಂತ ಹೆದರ್ತಾರೆ. ಒಳಗೆ ನೋಡಿದರೆ ಉಲ್ಟಾ. ಕ್ಲಚ್ ಇಲ್ಲ. ಸ್ಟಾರ್ಟರ್ ಮೋಟಾರ್ ಇಲ್ಲ. ಆಲ್ಟರ್ನೇಟರ್ ಇಲ್ಲ. ಗೇರ್‌ಬಾಕ್ಸ್ ಅಂದರೆ ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವ ಒಂದು ಗ್ರಹಚಕ್ರ ಜೋಡಣೆ ಮತ್ತು ಎರಡು ಮೋಟಾರು, ಅಷ್ಟೇ. ಬ್ರೇಕ್ ಒತ್ತಿದಾಗ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟು ತುಂಬುತ್ತೆ. ಹಾಗಾಗಿ ಬ್ರೇಕ್ ಪ್ಯಾಡ್ ಸವೆಯೋದೂ ಕಡಿಮೆ. ಒಂದೇ ಜಾಗ್ರತೆ: ಬ್ಯಾಟರಿಗೆ ಗಾಳಿ ಹೋಗುವ ಜಾಲರಿ. ಪ್ರಿಯಸ್‌ನಲ್ಲಿ ಅದು ಹಿಂದಿನ ಸೀಟಿನ ಪಕ್ಕ ಇತ್ತು. ಅಲ್ಲಿ ಚೀಲ ಒತ್ತಿಟ್ಟರೆ, ಧೂಳು ಕಟ್ಟಿದರೆ ಬ್ಯಾಟರಿ ಬಿಸಿಯಾಗುತ್ತೆ. ಯಾವ ಮಾದರಿ ತಗೊಂಡರೂ ಅದು ಎಲ್ಲಿದೆ ಅಂತ ಮೊದಲೇ ಕೇಳಿಕೊಳ್ಳಿ.

ತೀರ್ಥಹಳ್ಳಿ ತಮ್ಮ
ಇಷ್ಟೆಲ್ಲ ಬರೆದದ್ದಕ್ಕೆ ಧನ್ಯವಾದ. ನಮ್ಮ ಬಳಕೆ ಹೇಳಿಬಿಡ್ತೀನಿ. ಐದಾರು ಜನ, ತಿಂಗಳಿಗೊಮ್ಮೆ ಬೆಂಗಳೂರು, ಉಳಿದದ್ದು ಶಿವಮೊಗ್ಗ, ಆಗುಂಬೆ, ಮಣಿಪಾಲದ ಆಸ್ಪತ್ರೆ. ಮುಖ್ಯರಸ್ತೆಯಿಂದ ಮನೆಗೆ ಮಣ್ಣಿನ ದಾರಿ, ಕೊನೇಲಿ ತೋಟದ ಏರು. ಅಡಿಕೆ ಮೂಟೆ ಹಾಕೋಕೆ ಪಿಕಪ್ ಬೇರೆ ಇದೆ.

ಹಳದಿ ಬೋರ್ಡ್
ತಮ್ಮ, ಆ ಏರೇ ನಿನ್ನ ಪ್ರಶ್ನೆ. ಕ್ರಿಸ್ಟಾಗೆ ಲಾರಿಯಂತೆ ಕೆಳಗೆ ಚಾಸಿ ಇದೆ, ಹಿಂದಿನ ಚಕ್ರ ತಳ್ಳುತ್ತೆ. ಜನ ತುಂಬಿದಷ್ಟೂ ಹಿಂದಿನ ಚಕ್ರಕ್ಕೆ ಭಾರ ಬಿದ್ದು ಹಿಡಿತ ಜಾಸ್ತಿ. ಹೈಕ್ರಾಸ್‌ಗೆ ಚಾಸಿ ಬೇರೆ ಇಲ್ಲ, ಬಾಡಿಯೇ ಎಲ್ಲ. ಎಳೆಯೋದು ಮುಂದಿನ ಚಕ್ರ. ಫುಲ್ ಲೋಡಲ್ಲಿ ಕೆಸರಿನ ಏರಿಗೆ ಮೂತಿ ಎತ್ತಿದರೆ ಮುಂದೆ ಭಾರ ಕಡಿಮೆಯಾಗಿ ಚಕ್ರ ಸುಮ್ನೆ ತಿರುಗುತ್ತೆ. ಆದರೆ ಕ್ರಿಸ್ಟಾ ಡೀಸೆಲ್ 2023ರಿಂದ ಮ್ಯಾನ್ಯುಯಲ್ ಗೇರಿನಲ್ಲಿ ಮಾತ್ರ ಬರ್ತಿರೋದು. ಕುಲುಕಾಟವೂ ಹೈಕ್ರಾಸ್‌ಗಿಂತ ಜಾಸ್ತಿ. ಅಮ್ಮನ ಮಂಡಿ ಮುಖ್ಯ ಅಂದರೆ ನಾನೇ ಹೈಕ್ರಾಸ್ ಅಂತೀನಿ. ಬಾಡಿಗೆಗೆ ಓಡಿಸೋನಾದರೆ ಕ್ರಿಸ್ಟಾ ಬಿಡಬೇಡ ಅಂತಿದ್ದೆ.

ಬಿಡದಿ ನೆರೆಯವ
ಇಷ್ಟು ಹೊತ್ತು ಎಲ್ಲ ಜಪಾನ್, ಅಮೆರಿಕ ಆಯಿತು. ಈ ಗಾಡಿ ಮಾಡೋದು ನಮ್ಮೂರಲ್ಲಿ ಅಲ್ವಾ? ಕಿರ್ಲೋಸ್ಕರ್ ಜೊತೆ ಅವರ ನಂಟು ಶುರುವಾದದ್ದೂ ಜವಳಿ ಯಂತ್ರದಿಂದಲೇ. 1995ರಲ್ಲಿ ನೂಲು ತೆಗೆಯುವ ಯಂತ್ರದ ಕಂಪನಿ, 1997ರಲ್ಲಿ ಕಾರಿನದು. 1999ರ ಕೊನೆಗೆ ಬಿಡದಿಯಿಂದ ಕ್ವಾಲಿಸ್ ಹೊರಬರೋಕೆ ಶುರುವಾಯಿತು. ಚೆನ್ನಾಗಿ ಮಾರಾಟವಾಗುತ್ತಿದ್ದ ಅದನ್ನು 2005ರಲ್ಲಿ ಪೂರ್ತಿ ನಿಲ್ಲಿಸಿ ಇನ್ನೋವಾ ತಂದರು. ಅದಕ್ಕೆ ಗುಂಡಿಗೆ ಬೇಕು. ಹೈಕ್ರಾಸ್ ಅನಾವರಣವಾದ ಕೆಲವೇ ದಿನಕ್ಕೆ, 2022ರ ನವೆಂಬರ್ ಕೊನೆಗೆ, ಇಲ್ಲಿನ ಕಂಪನಿಯ ಉಪಾಧ್ಯಕ್ಷ ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡರು.

2007ರಿಂದ ಇಲ್ಲಿ ತಾಂತ್ರಿಕ ತರಬೇತಿ ಶಾಲೆ ಇದೆ. ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳನ್ನು ಸೇರಿಸಿಕೊಂಡು ಮೂರು ವರ್ಷ ಕಲಿಸ್ತಾರೆ. ಇದನ್ನು ಹೇಳುವಾಗ 2020ರ ನವೆಂಬರನ್ನೂ ಹೇಳಬೇಕು. ಕಾರ್ಮಿಕ ಸಂಘದ ಒಬ್ಬರ ಅಮಾನತಿನಿಂದ ಶುರುವಾಗಿ ಧರಣಿ, ಲಾಕೌಟ್ ಅಂತ ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಒತ್ತಡ ವಿಪರೀತ ಅನ್ನೋದು ಸಂಘದ ದೂರು, ಕಂಪನಿ ಒಪ್ಪಲಿಲ್ಲ. ತಪ್ಪು ಕಂಡರೆ ಕೆಲಸಗಾರ ಹಗ್ಗ ಎಳೆಯಬಹುದು ಅಂತ ನಗೋಯಾ ಅಣ್ಣ ಬರೆದರು. ತನಗೆ ಕಷ್ಟ ಅಂದಾಗಲೂ ಎಳೆಯುವ ಹಗ್ಗ ಒಂದಿರಬೇಕು. ಕಾರು ಕೊಳ್ಳುವಾಗ ಇದನ್ನು ಲೆಕ್ಕ ಹಾಕೋರು ಕಡಿಮೆ, ನಾನು ಹಾಕ್ತೀನಿ.

ಲೆಕ್ಕದ ಮನುಷ್ಯ
ಬಿಡದಿಯವರ ಮಾತಿಗೆ ನನ್ನ ಸಹಮತ. ತಮ್ಮ, ನಿಮ್ಮ ವಿಷಯಕ್ಕೆ ಬಂದರೆ, ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಬರೆದುಕೊಡ್ತಾರೆ. ನನಗೆ ಬೇಕಾದದ್ದು ಹೀಗೆ ಬರವಣಿಗೆಯಲ್ಲಿರೋದು. ಹೈಬ್ರಿಡ್‌ಗೆ ಕೊಡುವ ದುಡ್ಡಿಗೆ ಹಿಂದೆ ಕೆಲಸ ಇದೆ ಅಂತ ಒಪ್ತೀನಿ. ಗ್ಲಾಂಜಾಗೆ ಲಾಂಛನದ ದುಡ್ಡು ಅನ್ನೋದನ್ನು ಬಿಡಲ್ಲ. ಕಂಪನಿ ಹೇಳುವ ಲೀಟರಿಗೆ 23 ಕಿ.ಮೀ. ಪರೀಕ್ಷಾಲಯದ್ದು, ಆಗುಂಬೆ ಘಾಟಿಯದ್ದಲ್ಲ. ಹೆಸರು ನೋಡಿ ಸಹಿ ಹಾಕಬೇಡಿ.

ಹಳದಿ ಬೋರ್ಡ್
ಲೆಕ್ಕದ ಸಾರ್ ಹೇಳಿದ್ದು ಸರಿ. ಟೆಸ್ಟ್ ಡ್ರೈವ್ ಅಂತ ಶೋರೂಮಿನ ಮುಂದೆ ಒಂದು ಸುತ್ತು ಹಾಕಿ ಬರಬೇಡ ತಮ್ಮ. ಮಳೆ ಬಿದ್ದ ಮಾರನೇ ದಿನ ಗಾಡಿಯನ್ನು ನಿಮ್ಮ ತೋಟದ ಏರಿಗೇ ತರಿಸು, ಮನೆಯವರನ್ನೆಲ್ಲ ಹತ್ತಿಸು, ಅಮ್ಮನನ್ನು ಮಧ್ಯದ ಸೀಟಿನಲ್ಲಿ ಕೂರಿಸು. ಅರ್ಧ ಏರಲ್ಲಿ ನಿಲ್ಲಿಸಿ ಮತ್ತೆ ಎತ್ತಿ ನೋಡು. ಚಕ್ರ ಜಾರಿದರೆ ಅವರ ಎದುರಿಗೇ ಜಾರಲಿ.