ಪಿಕಪ್ ವಿಷಯದಲ್ಲಿ ಡೀಸೆಲ್ಲೋ ಪೆಟ್ರೋಲೋ: ನೂರು ಕಿ.ಮೀ. ಲೆಕ್ಕ ಬಿಟ್ಟು ರಸ್ತೆಯ ಲೆಕ್ಕ ಮಾತಾಡೋಣ

ಟಾರ್ಕ್‌ಪ್ರಿಯ:
ವೇಗದ ಕಾರುಗಳ ಮಾತು ಬಂದ ಕೂಡಲೇ ಎಲ್ಲರೂ ಕೇಳೋದು ಒಂದೇ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್? ಆ ಲೆಕ್ಕದಲ್ಲಿ ಡೀಸೆಲ್ ಯಾವಾಗಲೂ ಹಿಂದೆ. ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ತಗೊಳ್ಳಿ. ಪೆಟ್ರೋಲ್ ಜಿಟಿಐ 220 ಪಿಎಸ್ (ಪವರ್, ಅಂದರೆ ಅಶ್ವಶಕ್ತಿ), 350 ಎನ್‌ಎಂ (ಟಾರ್ಕ್, ಅಂದರೆ ತಿರುಗಿಸುವ ಬಲ), ಕಂಪನಿ ಹೇಳುವ ಸಮಯ 6.5 ಸೆಕೆಂಡ್. ಡೀಸೆಲ್ ಜಿಟಿಡಿ 184 ಪಿಎಸ್, 380 ಎನ್‌ಎಂ, 7.5 ಸೆಕೆಂಡ್. ಕಾಗದದ ಮೇಲೆ ಪೂರ್ತಿ ಒಂದು ಸೆಕೆಂಡ್ ಅಂತರ.

ಆದರೆ ದಿನನಿತ್ಯ ಯಾರು ನಿಂತಲ್ಲಿಂದ ಕ್ಲಚ್ ಸುಡುತ್ತಾ ಹೊರಡ್ತಾರೆ? ನಮಗೆ ಪಿಕಪ್ ಬೇಕಾಗೋದು 60ರಲ್ಲೋ 80ರಲ್ಲೋ ಹೋಗ್ತಿರುವಾಗ, ಮುಂದೆ ಲಾರಿ ಇದ್ದಾಗ. ಅಲ್ಲಿ ನನ್ನ 2 ಲೀಟರ್ ಡೀಸೆಲ್ ಕಾಲು ಒತ್ತಿದರೆ ಸಾಕು, ಬೆನ್ನಿಗೆ ಯಾರೋ ಕೈಯಿಟ್ಟು ತಳ್ಳಿದ ಹಾಗೆ ಹೋಗುತ್ತೆ. ಗೆಳೆಯನ ಪೆಟ್ರೋಲ್ ಗಾಡಿ ಎರಡು ಗೇರ್ ಇಳಿಸಿ ಕೂಗಿಸದೆ ಹೋಗೋದೇ ಇಲ್ಲ. ನನ್ನ ಪ್ರಕಾರ ನಿಜವಾದ ರಸ್ತೆಯಲ್ಲಿ ಒಳ್ಳೆ ಡೀಸೆಲ್ಲೇ ವೇಗ. ಒಪ್ಪದವರು ಕಾರಣ ಕೊಟ್ಟು ಮಾತಾಡಿ.

ಆರುಸಾವಿರ:
ಒಪ್ಪಲ್ಲ ಸರ್. ನಿಮ್ಮ ಗೆಳೆಯರ ಗಾಡಿ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ್ದು ಅಂತ ಕಾಣುತ್ತೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸಪ್ಪೆ, ಅದು ನಿಜ. ಆದರೆ ನೀವೇ ಹೆಸರಿಸಿದ ಜಿಟಿಐ ನೋಡಿ. ಅದರ 350 ಎನ್‌ಎಂ 1500ರಿಂದ 4400 ಆರ್‌ಪಿಎಂವರೆಗೂ ಚಪ್ಪಟೆಯಾಗಿ ಸಿಗುತ್ತೆ. ಡೀಸೆಲ್‌ಗಿಂತ ಮೊದಲೇ ಬರುತ್ತೆ, ಡೀಸೆಲ್‌ಗಿಂತ ತುಂಬಾ ಹೊತ್ತು ಇರುತ್ತೆ. ಉಳಿದ 30 ಎನ್‌ಎಂಗೋಸ್ಕರ ಇಷ್ಟು ವಾದ ಬೇಕಾ?

ಇನ್ನು ಗೇರ್ ಇಳಿಸೋದು ತಪ್ಪು ಅನ್ನೋ ಹಾಗೆ ಬರೆದಿದ್ದೀರಿ. ಗೇರ್ ಇರೋದೇ ಅದಕ್ಕೆ. ಇಳಿಸದೆ ಓಡಿಸಿ ಪೆಟ್ರೋಲ್ ಮಂದ ಅಂದರೆ, ಬಾಗಿಲು ತೆಗೆಯದೆ ಮನೆಯೊಳಗೆ ಗಾಳಿ ಬರಲ್ಲ ಅಂದ ಹಾಗಾಯ್ತು.

ಲೆಕ್ಕದಮೇಷ್ಟ್ರು:
ಇಬ್ಬರೂ ಎಂಜಿನ್ನಿನ ಟಾರ್ಕ್ ಬಗ್ಗೆ ಮಾತಾಡ್ತಿದ್ದೀರಿ. ಕಾರನ್ನು ಮುಂದಕ್ಕೆ ತಳ್ಳೋದು ಚಕ್ರಕ್ಕೆ ಬಂದ ಟಾರ್ಕ್. ಇವೆರಡರ ನಡುವೆ ಗೇರ್‌ಬಾಕ್ಸ್ ಇದೆ, ಅದನ್ನು ಮರೆತರೆ ಲೆಕ್ಕವೇ ತಪ್ಪುತ್ತೆ.

ಸೂತ್ರ ಸುಲಭ: ಕಿಲೋವ್ಯಾಟ್ ಅಂದರೆ ಎನ್‌ಎಂ ಗುಣಿಸು ಆರ್‌ಪಿಎಂ, ಭಾಗಿಸು 9549. ಈಗ ಎರಡು ಗಾಡಿ ಒಂದೇ ವೇಗದಲ್ಲಿ ಅಕ್ಕಪಕ್ಕ ಹೋಗ್ತಿವೆ ಅಂತಿಟ್ಟುಕೊಳ್ಳಿ. ಡೀಸೆಲ್ 3000 ಆರ್‌ಪಿಎಂನಲ್ಲಿ 380 ಎನ್‌ಎಂ ಕೊಡ್ತಿದೆ, ಅಂದರೆ ಸುಮಾರು 119 ಕಿಲೋವ್ಯಾಟ್. ಪೆಟ್ರೋಲ್ ಒಂದೂವರೆ ಪಟ್ಟು ಗಿಡ್ಡ, ಅಂದರೆ ಕೆಳಗಿನ, ಗೇರ್‌ನಲ್ಲಿ 4500ರಲ್ಲಿದೆ, 344 ಎನ್‌ಎಂ, ಅಂದರೆ 162 ಕಿಲೋವ್ಯಾಟ್. ಗೇರ್ ಆ 344ನ್ನು ಒಂದೂವರೆ ಪಟ್ಟು ಮಾಡುತ್ತೆ. ಡೀಸೆಲ್‌ನ 380ರ ಎದುರು ಚಕ್ರಕ್ಕೆ ಹೋಗೋದು 516ರ ಲೆಕ್ಕ. ಟಾರ್ಕ್ ಕಡಿಮೆ ಇದ್ದ ಎಂಜಿನ್ನೇ ಗಟ್ಟಿಯಾಗಿ ಎಳೀತಿದೆ.

ಹೋಂಡಾ ಎಸ್2000 ನೆನಪಿದೆಯಾ? 2 ಲೀಟರ್, ಟರ್ಬೊ ಇಲ್ಲ, ಬರೀ 208 ಎನ್‌ಎಂ. ಇವತ್ತಿನ ಸಾಧಾರಣ ಡೀಸೆಲ್ ಕಾರಿಗೂ ಅದಕ್ಕಿಂತ ಹೆಚ್ಚು ಟಾರ್ಕ್ ಇರುತ್ತೆ. ಆದರೂ ಅದು ವೇಗದ ಕಾರು, ಯಾಕಂದ್ರೆ 8300 ಆರ್‌ಪಿಎಂನಲ್ಲಿ 240 ಪಿಎಸ್ ಕೊಡ್ತಿತ್ತು.

ಓವರ್‌ಟೇಕ್ ಲೆಕ್ಕವನ್ನೂ ಹಾಕಿಬಿಡ್ತೀನಿ. 1500 ಕೆಜಿ ಕಾರನ್ನು 80ರಿಂದ 120ಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 463 ಕಿಲೋಜೂಲ್. ಆರು ಸೆಕೆಂಡಲ್ಲಿ ಮುಗಿಸಬೇಕಂದ್ರೆ ಸರಾಸರಿ 77 ಕಿಲೋವ್ಯಾಟ್, ಐದರಲ್ಲಂದ್ರೆ 93. ಗಾಳಿಯ ತಡೆ, ಟೈರ್ ಉರುಳುವಾಗಿನ ತಡೆ ಇದರ ಮೇಲೆ. ಈ ಲೆಕ್ಕದಲ್ಲಿ ಟಾರ್ಕ್ ಅನ್ನೋ ಪದವೇ ಬರಲಿಲ್ಲ ನೋಡಿ. ಆ ಐದಾರು ಸೆಕೆಂಡ್ ಉದ್ದಕ್ಕೂ ಸರಾಸರಿ ಎಷ್ಟು ಪವರ್ ಸಿಕ್ಕಿತು ಅನ್ನೋದಷ್ಟೇ ಮುಖ್ಯ.

ಟಾರ್ಕ್‌ಪ್ರಿಯ:
ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೆ ನಿಮ್ಮ ಉದಾಹರಣೆಯಲ್ಲಿ ಪೆಟ್ರೋಲ್ ಗಾಡಿ ಆಗಲೇ 4500ರಲ್ಲಿ ಕೂತಿದೆ. ಯಾರು ಸಾರ್ 4500ರಲ್ಲಿ ಲಾರಿ ಹಿಂದೆ ಸುಮ್ಮನೆ ಹೋಗ್ತಾರೆ? ಎಲ್ಲರೂ ಇರೋದು 1800ರಲ್ಲಿ, ಮೇಲಿನ ಗೇರ್‌ನಲ್ಲಿ. ಅಲ್ಲಿಂದ 4500ಕ್ಕೆ ಬರಲು ಹಿಡಿಯುವ ಸಮಯ ನಿಮ್ಮ ಸೂತ್ರದಲ್ಲಿ ಎಲ್ಲಿದೆ?

ಹೆದ್ದಾರಿಹಕ್ಕಿ:
ಇದು ಒಳ್ಳೆ ಪ್ರಶ್ನೆ. ನಾನು ಮೊದಲು ಡೀಸೆಲ್ ಓಡಿಸುತ್ತಿದ್ದೆ, ಈಗ ಟರ್ಬೊ ಪೆಟ್ರೋಲ್. ಎರಡರಲ್ಲೂ ದೂರದ ಪ್ರಯಾಣ ಸಾಕಷ್ಟು ಮಾಡಿದ್ದೀನಿ, ಅದಕ್ಕೆ ಹೇಳ್ತೀನಿ.

ಮೊದಲ ಒಂದು ಸೆಕೆಂಡ್ ಡೀಸೆಲ್‌ದು. ಮೂರನೇ ಅಥವಾ ನಾಲ್ಕನೇ ಗೇರ್‌ನಲ್ಲಿ 2000 ಆರ್‌ಪಿಎಂ ಇದ್ದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಕಾದು ಕೂತಿರುತ್ತೆ. ಜಾಗ ಕಂಡಿತು, ಕಾಲು ಒತ್ತಿದೆ, ಹೊರಟೆ. ಯೋಚನೆಗೂ ಎಳೆತಕ್ಕೂ ನಡುವೆ ಬಿಡುವೇ ಇಲ್ಲ.

ಆದರೆ ಐದನೇ ಸೆಕೆಂಡ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಒಂದು ಸಲ ಉದ್ದನೆಯ ಟ್ರೇಲರ್ ದಾಟುತ್ತಿದ್ದೆ. ಮೂರನೇ ಗೇರ್, ಚೆನ್ನಾಗೇ ಎಳೀತಿತ್ತು. ಟ್ರೇಲರ್‌ನ ಮಧ್ಯದ ಚಕ್ರಗಳು ನನ್ನ ಕಿಟಕಿ ಪಕ್ಕ ಇದ್ದವು, ಸೂಜಿ 4000 ದಾಟಿತು, ಎಳೆತ ಅಲ್ಲೇ ನಿಂತುಹೋಯ್ತು. ಶಬ್ದ ಮಾತ್ರ ಏರುತ್ತಿದೆ, ಗಾಡಿ ಏರ್ತಿಲ್ಲ. ಎದುರಿಂದ ದೂರದಲ್ಲಿ ಹೆಡ್‌ಲೈಟ್ ಕಾಣ್ತಿತ್ತು. ಕ್ಲಚ್ ಒತ್ತಿ ನಾಲ್ಕಕ್ಕೆ ಹಾಕಿ, ಬೂಸ್ಟ್ ಮತ್ತೆ ಕಟ್ಟುವಷ್ಟರಲ್ಲಿ ಕೈ ಬೆವತಿತ್ತು. ಹೆದರಿಕೆಯಾಗುವಷ್ಟು ಹತ್ತಿರ ಏನೂ ಬಂದಿರಲಿಲ್ಲ, ಆದರೆ ಆ ಕ್ಷಣ ಇವತ್ತಿಗೂ ಮರೆತಿಲ್ಲ. ಈಗಿನ ಪೆಟ್ರೋಲ್ ಗಾಡಿಯಲ್ಲಿ ಅದೇ ಮೂರನೇ ಗೇರ್ 60ರಿಂದ ಶುರುವಾಗಿ ಓವರ್‌ಟೇಕ್ ಮುಗಿಯುವವರೆಗೂ ಸಾಲುತ್ತೆ. ಮಧ್ಯದಲ್ಲಿ ಗೇರ್ ಮುಟ್ಟುವ ಪ್ರಮೇಯವೇ ಬರಲ್ಲ.

ಆರುಸಾವಿರ:
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ನೂರರ ಓಟದಲ್ಲೂ ಡೀಸೆಲ್ ಸೋಲೋದು ಭಾಗಶಃ ಇದರಿಂದಲೇ. ಎಷ್ಟೋ ವೇಗದ ಪೆಟ್ರೋಲ್ ಕಾರುಗಳು ಎರಡನೇ ಗೇರ್‌ನಲ್ಲೇ ನೂರು ಮುಟ್ಟುತ್ತವೆ. ಡೀಸೆಲ್‌ಗೆ ಮೂರನೆಯದು ಬೇಕೇ ಬೇಕು. ಮ್ಯಾನುವಲ್‌ನಲ್ಲಿ ಒಂದು ಶಿಫ್ಟ್ ಅಂದರೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಹೋಯ್ತು.

ಸ್ಪ್ಯಾನರ್‌ಕೈ:
ನಾನು ಈ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವವನು. ಡೀಸೆಲ್ ಯಾಕೆ 4500ರ ಹತ್ತಿರ ಉಸಿರು ಬಿಡುತ್ತೆ ಅನ್ನೋದನ್ನು ಹೇಳ್ತೀನಿ, ಯಾಕಂದ್ರೆ ಈ ಇಡೀ ಜಗಳದ ಬೇರು ಅಲ್ಲಿದೆ.

ಪೆಟ್ರೋಲ್‌ನಲ್ಲಿ ಗಾಳಿ, ಇಂಧನ ಮೊದಲೇ ಬೆರೆತಿರುತ್ತೆ, ಕಿಡಿ ಹೊತ್ತಿಸಿದರೆ ಬೆಂಕಿ ಸರ್ರನೆ ಹಬ್ಬುತ್ತೆ. ಡೀಸೆಲ್‌ನಲ್ಲಿ ಒತ್ತಡಕ್ಕೆ ಕಾದ ಗಾಳಿಯೊಳಗೆ ಇಂಧನ ಚಿಮ್ಮಿಸಬೇಕು, ಅದು ಗಾಳಿ ಜೊತೆ ಬೆರೆಯುತ್ತಾ ಬೆರೆಯುತ್ತಾ ಉರೀಬೇಕು. ಅದಕ್ಕೆ ಹೊತ್ತು ಹಿಡಿಯುತ್ತೆ. ಆರ್‌ಪಿಎಂ ಏರಿದಷ್ಟೂ ಆ ಹೊತ್ತು ಸಿಗಲ್ಲ. ಜೊತೆಗೆ ಅಷ್ಟು ಒತ್ತಡ ತಡೆಯಬೇಕಾದ ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲ ದಪ್ಪ, ಭಾರ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತೆ.

ಇನ್ನೊಂದು, ಡೀಸೆಲ್ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಉರೀಬೇಕು, ಇಲ್ಲದಿದ್ದರೆ ಕಪ್ಪು ಹೊಗೆ. ಟರ್ಬೊ ಇನ್ನೂ ತಿರುಗಿ ಗಾಳಿ ತುಂಬಿಲ್ಲ ಅಂದರೆ, ನೀವು ಕಾಲನ್ನು ಎಷ್ಟೇ ಒತ್ತಿ, ಇಸಿಯು (ಎಂಜಿನ್‌ನ ಕಂಪ್ಯೂಟರ್) ಇಂಜೆಕ್ಟರ್‌ಗೆ ಹೆಚ್ಚು ಇಂಧನ ಬಿಡಲ್ಲ. ಟರ್ಬೊ ಲ್ಯಾಗ್, ಅಂದರೆ ಟರ್ಬೊ ಎದ್ದೇಳುವ ತಡ, ಅಂತ ಎಲ್ಲರೂ ಅನ್ನೋದರಲ್ಲಿ ಇದೂ ಸೇರಿದೆ. ಟಾರ್ಕ್‌ಪ್ರಿಯ ಅವರೇ, 1800ರಲ್ಲಿ ನಿಮ್ಮ ಗಾಡಿ ಹೋಗುತ್ತೆ, ಒಪ್ಪಿದೆ. 1300ರಲ್ಲಿ ಒತ್ತಿ ನೋಡಿ.

ಮುಖ್ಯವಾದದ್ದು, ತಯಾರಕರಿಗೂ ಇದೆಲ್ಲ ಗೊತ್ತಿತ್ತು. ಬಿಎಂಡಬ್ಲ್ಯೂ 2012ರಲ್ಲಿ ಎಂ550ಡಿಗೆ ಮೂರು ಟರ್ಬೊ ಹಾಕಿತು: 381 ಪಿಎಸ್, 740 ಎನ್‌ಎಂ, ನೂರಕ್ಕೆ 4.7 ಸೆಕೆಂಡ್. ಆಡಿ 2016ರಲ್ಲಿ ಎಸ್‌ಕ್ಯೂ7ಗೆ 48 ವೋಲ್ಟ್‌ನಲ್ಲಿ ತಿರುಗುವ ವಿದ್ಯುತ್ ಕಂಪ್ರೆಸರ್ ಕೊಟ್ಟಿತು. ಟರ್ಬೊ ಎದ್ದೇಳುವ ಮೊದಲೇ, ಕಾಲು ಸೆಕೆಂಡಿನೊಳಗೆ ಅದು ಗಾಳಿ ತುಂಬುತ್ತೆ, ಹಾಗಾಗಿ 900 ಎನ್‌ಎಂ 1000 ಆರ್‌ಪಿಎಂನಲ್ಲೇ ಸಿಗುತ್ತೆ. ಅಂಥ ಗಾಡಿಗಳ ಮುಂದೆ ಡೀಸೆಲ್ ಮಂದ ಅನ್ನೋ ಮಾತು ನಿಲ್ಲಲ್ಲ. ಅವನ್ನು ಕಟ್ಟಿದ ಎಂಜಿನಿಯರ್‌ಗಳ ಬಗ್ಗೆ ನನಗೆ ತುಂಬಾ ಗೌರವ ಇದೆ.

ಟಾರ್ಕ್‌ಪ್ರಿಯ:
ಧನ್ಯವಾದ ಸ್ಪ್ಯಾನರ್ ಅಣ್ಣ. ಅಷ್ಟೇ ಅಲ್ಲ, ರೇಸ್‌ನಲ್ಲೂ ಡೀಸೆಲ್ ಗೆದ್ದಿದೆ. 1998ರ ನ್ಯೂರ್ಬರ್ಗ್‌ರಿಂಗ್ 24 ಗಂಟೆ ಓಟ ಬಿಎಂಡಬ್ಲ್ಯೂ 320ಡಿ ಗೆದ್ದಿತು. ಫ್ರಾನ್ಸ್‌ನ ಲೆ ಮಾನ್ 24 ಗಂಟೆ ಓಟದಲ್ಲಿ ಆಡಿ ಆರ್10 ಟಿಡಿಐ 2006, 2007, 2008 ಮೂರು ವರ್ಷ ಸಾಲಾಗಿ, 2009ರಲ್ಲಿ ಪ್ಯೂಜೋ 908.

ಲೆಕ್ಕದಮೇಷ್ಟ್ರು:
ಆ ಗೆಲುವುಗಳು ದೊಡ್ಡವು. ಆದರೆ ಲೆ ಮಾನ್ ನಿಯಮವನ್ನೂ ಜೊತೆಗೇ ಹೇಳಬೇಕು. ಆಗ ಟರ್ಬೊ ಪೆಟ್ರೋಲ್‌ಗೆ 4 ಲೀಟರ್ ಮಿತಿ, ಡೀಸೆಲ್‌ಗೆ 5.5 ಲೀಟರ್. ಆರ್10ರದು ಪೂರ್ತಿ 5.5 ಲೀಟರ್‌ನ ವಿ12 (12 ಸಿಲಿಂಡರ್) ಎಂಜಿನ್. ಜೊತೆಗೆ 24 ಗಂಟೆ ಓಟದಲ್ಲಿ ಇಂಧನ ತುಂಬಿಸಲು ನಿಲ್ಲೋದು ಕಡಿಮೆಯಾದರೆ ಅದೂ ಲಾಭವೇ. 80ರಿಂದ 120ರ ಪ್ರಶ್ನೆಗೆ ಅದು ಸಾಕ್ಷಿಯಾಗಲ್ಲ.

ನಿಮ್ಮ ಹಳೇ ಪ್ರಶ್ನೆಗೆ ಬರ್ತೀನಿ, 4500ಕ್ಕೆ ಬರುವ ಸಮಯ ಎಲ್ಲಿ ಅಂತ. ನೀವು ಹೇಳಿದ್ದು ಸರಿ, ಅದನ್ನು ನಾನು ಬಿಟ್ಟಿದ್ದೆ. ಅಳೆಯಬೇಕಾದ್ದು ವೇಗ 80 ದಾಟಿದ ಕ್ಷಣದಿಂದಲ್ಲ, ಕಾಲು ಒತ್ತಿದ ಕ್ಷಣದಿಂದ. ಗೇರ್ ಇಳಿಸುವ ಹೊತ್ತು, ಆಟೊಮ್ಯಾಟಿಕ್ ಆದರೆ ಕಿಕ್‌ಡೌನ್‌ಗೆ (ಕಾಲು ಪೂರ್ತಿ ಒತ್ತಿದಾಗ ತಾನೇ ಗೇರ್ ಇಳಿಸಲು) ಅದು ಯೋಚಿಸುವ ಹೊತ್ತು, ಟರ್ಬೊ ತಿರುಗುವ ಹೊತ್ತು, ಎಲ್ಲ ಅದರೊಳಗೆ ಬರಬೇಕು. ಹಾಗೆ ಅಳೆದವರು ಕಡಿಮೆ.

ಹೆದ್ದಾರಿಹಕ್ಕಿ:
ಅಳೆಯೋದಾದರೆ ಸ್ಪೀಡೋಮೀಟರ್ ನಂಬಬೇಡಿ. ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ಅದು ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸಬಹುದು, ನಿಜವಾದ ವೇಗದ ಹತ್ತನೇ ಒಂದು ಭಾಗದ ಮೇಲೆ ಇನ್ನೂ 4 ಕಿ.ಮೀ.ವರೆಗೆ. ಎರಡು ಗಾಡಿಯ ಸೂಜಿ ಎರಡು ಥರ ಸುಳ್ಳು ಹೇಳಿದರೆ ಹೋಲಿಕೆಯೇ ಹಾಳು.

ಸ್ಪ್ಯಾನರ್‌ಕೈ:
ಮೊಬೈಲ್‌ನ ಜಿಪಿಎಸ್ ಕೂಡ ಬೇಡ. ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಓದುತ್ತೆ, ನೂರರಲ್ಲಿ ಒಂದು ಸೆಕೆಂಡ್ ಅಂದರೆ 28 ಮೀಟರ್. ಸೆಕೆಂಡಿಗೆ ಹತ್ತು ಸಲ ಓದುವ ಬೇರೆ ರಿಸೀವರ್ ತಗೊಳ್ಳಿ. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ಹಿಡಿಯಿರಿ, ಗಾಳಿ, ಇಳಿಜಾರು ಕಳೆದುಹೋಗುತ್ತೆ. ಟ್ಯಾಂಕ್ ಎರಡರಲ್ಲೂ ಸಮ ಇರಲಿ. ದಯವಿಟ್ಟು ಸಾರ್ವಜನಿಕ ರಸ್ತೆಯಲ್ಲಿ ಮಾಡಬೇಡಿ.

ಟಾರ್ಕ್‌ಪ್ರಿಯ:
ಮೂರು ವಾರದ ಮೇಲೆ ಬಂದು ಬರೀತಿದ್ದೀನಿ. ಅನುಮತಿ ತಗೊಂಡು ಬಳಕೆಯಲ್ಲಿಲ್ಲದ ಏರ್‌ಸ್ಟ್ರಿಪ್‌ನಲ್ಲಿ ಅಳೆದೆವು. ನನ್ನ ಡೀಸೆಲ್, ಪರಿಚಯದವರ 2 ಲೀಟರ್ ಟರ್ಬೊ ಪೆಟ್ರೋಲ್, ಎರಡೂ ಮ್ಯಾನುವಲ್, ಎರಡನ್ನೂ ಓಡಿಸಿದ್ದು ನಾನೇ. ಕಾಲು ಒತ್ತಿದ ಕ್ಷಣದಿಂದಲೇ ಲೆಕ್ಕ.

ಆರನೇ ಗೇರ್‌ನಲ್ಲಿ 80ರಿಂದ ಒತ್ತಿದಾಗ ನಾನು ಖಂಡಿತ ಗೆಲ್ತೀನಿ ಅಂದುಕೊಂಡಿದ್ದೆ. ಸೋತೆ. ನನ್ನ ಆರನೇ ಗೇರ್ ಎಷ್ಟು ಉದ್ದ ಅಂದರೆ 80ರಲ್ಲಿ ಎಂಜಿನ್ 1500ಕ್ಕೂ ಕೆಳಗಿತ್ತು, ಸ್ಪ್ಯಾನರ್ ಅಣ್ಣ ಹೇಳಿದ ಹಾಗೆ ಬೂಸ್ಟ್ ಇನ್ನೂ ಮಲಗಿತ್ತು. ಪೆಟ್ರೋಲ್ ಅಷ್ಟರಲ್ಲಿ ಹೋಗಿಯೇಬಿಟ್ಟಿತ್ತು. ನಾಲ್ಕನೇ ಗೇರ್‌ನಲ್ಲಿ ಮಾತ್ರ ನನ್ನದು ಮುಂದೆ, ಎರಡು ದಿಕ್ಕಿನಲ್ಲೂ, ಆದರೆ ಕೂದಲೆಳೆಯಷ್ಟು. ಬೇಕಾದ ಗೇರ್ ಹಾಕಿಕೊಳ್ಳಿ ಅಂದಾಗ ಪೆಟ್ರೋಲ್ ಮೂರನೆಯದರಲ್ಲಿ ಒಂದೇ ಉಸಿರಿಗೆ 120 ಮುಟ್ಟಿತು, ನಾನು ಮೂರರಿಂದ ನಾಲ್ಕಕ್ಕೆ ಹಾಕುವಾಗ ಹಿಂದೆ ಬಿದ್ದೆ.

ಬೆನ್ನಿಗೆ ಬೀಳುವ ಒತ್ತು ಮಾತ್ರ ನನ್ನ ಗಾಡಿಯಲ್ಲೇ ಜೋರು. ಅದು ಒಮ್ಮೆಲೇ ಬಂದು ಒಮ್ಮೆಲೇ ಹೋಗುತ್ತೆ, ಅದಕ್ಕೇ ಅಷ್ಟು ಗೊತ್ತಾಗುತ್ತೆ ಅನ್ನಿಸ್ತು. ಪೆಟ್ರೋಲ್‌ನಲ್ಲಿ ಸಮನಾಗಿ ಏರುತ್ತಿದ್ದುದರಿಂದ ವೇಗ ಕಡಿಮೆ ಅನ್ನಿಸುತ್ತಿತ್ತು, ಪರದೆ ನೋಡಿದರೆ ಅಂಕಿ ಮುಂದೆ. ಇಷ್ಟು ವರ್ಷ ಆ ಒತ್ತನ್ನೇ ವೇಗ ಅಂದುಕೊಂಡಿದ್ದೆ.

ಆರುಸಾವಿರ:
ಹೋಗಿ ಅಳೆದು, ಬಂದದ್ದನ್ನು ಬಂದ ಹಾಗೇ ಬರೆದಿದ್ದೀರಿ, ತುಂಬಾ ಖುಷಿಯಾಯ್ತು. ನಾಲ್ಕನೇ ಗೇರ್‌ನಲ್ಲಿ ಡೀಸೆಲ್ ಮುಂದೆ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ, ಅದನ್ನು ಒಪ್ಕೋತೀನಿ. ಒಂದು ಪ್ರಶ್ನೆ, ಗಾಡಿಯಲ್ಲಿ ನೀವೊಬ್ಬರೇ ಇದ್ರಾ?

ಟಾರ್ಕ್‌ಪ್ರಿಯ:
ಒಬ್ಬನೇ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಹಾಕಿ ಇನ್ನೊಂದು ಸಲ ಓಡಿಸಬೇಕು ಅಂತಿದ್ದೀವಿ. ಆಗ ಐದನೇ ಗೇರ್ ಕೂಡ ಅಳೀತೀನಿ, ಈ ಸಲ ಅದನ್ನು ಬಿಟ್ಟುಬಿಟ್ಟೆ.