ಸಹಾಯ ಬೇಕು: ಡಿಸ್ನಿಲ್ಯಾಂಡ್‌ಗೆ ಡಾರ್ತ್ ಮೌಲ್ ಥರದ ಮಾಮೂಲಿ ಬಟ್ಟೆ

ನಮಸ್ಕಾರ. ಮುಂದಿನ ಶನಿವಾರ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ಗೆ ಹೊರಟಿದ್ದೇವೆ. ಒಂಬತ್ತು ವರ್ಷದ ಮಗ ಡಾರ್ತ್ ವೇಡರ್ ವೇಷದಲ್ಲೇ ಬರುತ್ತಾನೆ. ನಾನೂ ಸ್ಟಾರ್ ವಾರ್ಸ್ ಸಿನಿಮಾದ ವಿಲನ್ ಆಗಬೇಕಂತೆ! ಆದರೆ ಅಲ್ಲಿ ಮಾಮೂಲಿ ದಿನಗಳಲ್ಲಿ 14 ತುಂಬಿದವರು ವೇಷ ಹಾಕುವ ಹಾಗಿಲ್ಲ. ದಿನಾ ಹಾಕುವ ಬಟ್ಟೆಯಲ್ಲೇ ಪಾತ್ರದ ಬಣ್ಣ ತರಬೇಕು.

ಮೊದಲು ಪೂರ್ತಿ ಕಪ್ಪು ಹಾಕಿ ನೋಡಿದೆ. ಯಜಮಾನರು "ಇವತ್ತೂ ಆಫೀಸಾ?" ಅಂದರು. ಬಿಳಿ ಕೋಟಿನ ಇನ್ನೊಬ್ಬ ವಿಲನ್ ಥ್ರಾನ್ ಆಗೋಣ ಅಂದರೆ ಮಗನ ಚುರೋ (ಸಕ್ಕರೆ ಹಚ್ಚಿದ ಕರಿದ ತಿಂಡಿ) ತಿಂದ ಕೈ ನೆನಪಾಗಿ ಬಿಟ್ಟೆ.

ಕೊನೆಗೆ ಅಮ್ಮನ ಹಳೇ ಇಳಕಲ್ ಸೀರೆ ಸಿಕ್ಕಿತು. ಕಪ್ಪು ಒಡಲು, ಕೆಂಪು ಸೆರಗು. ಥೇಟ್ ಕೊಂಬಿನ ವಿಲನ್ ಡಾರ್ತ್ ಮೌಲ್‌ನ ಕೆಂಪು-ಕಪ್ಪು ಮುಖ ಅಲ್ವಾ? ಸೆರಗಿನ ಬಿಳಿ ತೆನೆಗಳಂತೂ ಅವನ ಕೊಂಬಿನ ಹಾಗೇ ಮೊನಚು. ಒಡಲಲ್ಲಿ ಕುರ್ತಾ ಹೊಲಿಸಿದೆ, ಸೆರಗನ್ನು ದುಪಟ್ಟಾ ಮಾಡಿದೆ. (ಅಮ್ಮನಿಗೆ ಇನ್ನೂ ಹೇಳಿಲ್ಲ.)

ತಲೆ ಕೆಟ್ಟಿರುವುದು ಇಲ್ಲೇ. ಹಾಗೇ ಹೋದರೆ ಯುಗಾದಿಗೆ ಹೊರಟ ಹಾಗಿದೆ. ಕೊಂಬಿನ ಹೇರ್‌ಬ್ಯಾಂಡ್ ಹಾಕಿದರೆ ವೇಷವೇ ಆಗಿಬಿಡುತ್ತದೆ, ಗೇಟಲ್ಲಿ ತಡೆದರೆ? ಕೂದಲನ್ನು ನಾಲ್ಕು ಪುಟ್ಟ ಗಂಟು ಕಟ್ಟಿ ನೋಡಿದೆ, ಎರಡು ಗಂಟೆಯೊಳಗೆ ಬಿಚ್ಚಿಹೋಯಿತು.

ರೈಡ್‌ನಲ್ಲಿ ಉದುರದ, ವೇಷ ಅನ್ನಿಸದ, ಆದರೆ ನೋಡಿದ ತಕ್ಷಣ ಮೌಲ್ ಅಂತ ಗೊತ್ತಾಗುವ ಒಂದೇ ಒಂದು ವಸ್ತು ಯಾವುದು ಹಾಕಲಿ? ಓಲೆಯೋ, ಬೆಲ್ಟೋ, ಬೇರೆ ಜಡೆಯೋ?